ತುಂಗಭದ್ರಾ, ಹಗರಿ ನೆರೆ: ಹೈಸ್ಕೂಲ್ ಮಕ್ಕಳಿಗೆ ಏನು ಗೊತ್ತಿರಬೇಕು? ಇಲ್ಲಿದೆ ಮಾಹಿತಿ

ಬಳ್ಳಾರಿ: ಬಳ್ಳಾರಿ ಅಂದ್ರೆ ಬಿಸಿಲು, ಬರ ಅನ್ನೋದೇ ಎಲ್ಲರ ಬಾಯಲ್ಲಿ. ಆದರೆ 2009ರ ನೆರೆ ನೋಡಿದವರು ಹಾಗೆ ಹೇಳಲ್ಲ. ಈಗ ಹೈಸ್ಕೂಲ್‌ನಲ್ಲಿರುವ ಮಕ್ಕಳು ಆಗಿನ್ನೂ ಹುಟ್ಟಿರಲಿಲ್ಲ. ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನದಲ್ಲಿ ನೈಸರ್ಗಿಕ ವಿಪತ್ತುಗಳ ಪಾಠ ಇದ್ದರೂ, ತಮ್ಮ ಊರಿಗೆ ನೀರು ಯಾವ ಕಡೆಯಿಂದ ಬರುತ್ತೆ ಅಂತ ಪಾಠದಲ್ಲಿ ಇರಲ್ಲ. ಅದನ್ನು ಶಾಲೆಯಲ್ಲೇ, ಮಳೆಗಾಲಕ್ಕೆ ಮುಂಚೆ ಹೇಳಿಕೊಡಬೇಕು.

ನೀರು ಎಲ್ಲಿಂದ ಬರುತ್ತೆ?

* ತುಂಗಭದ್ರಾ: ಮಲೆನಾಡಲ್ಲಿ ಜೋರು ಮಳೆಯಾದರೆ ಹೊಸಪೇಟೆ ಡ್ಯಾಂ ತುಂಬುತ್ತೆ, ಗೇಟ್ ಎತ್ತುತ್ತಾರೆ. ಸಿರುಗುಪ್ಪ ತಾಲೂಕಿನ ನದಿ ದಂಡೆ ಊರುಗಳಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತೆ.
* ವೇದಾವತಿ (ಹಗರಿ): ಚಿತ್ರದುರ್ಗ ಜಿಲ್ಲೆ ದಾಟಿ, ಆಂಧ್ರದ ಭೈರವಾನಿತಿಪ್ಪ ಡ್ಯಾಂ ಮೂಲಕ ಬಳ್ಳಾರಿ ತಾಲೂಕಿಗೆ ಬಂದು, ಸಿರುಗುಪ್ಪ ತಾಲೂಕಿನಲ್ಲಿ ತುಂಗಭದ್ರೆ ಸೇರುತ್ತೆ. ವರ್ಷದ ಬಹುಪಾಲು ಬರೀ ಮರಳು. ಹಾಗಾಗಿ ಹುಡುಗರಿಗೆ ಭಯವೇ ಇಲ್ಲ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿತ್ತು. ಒಣಗಿದ ಹೊಳೆ ಯಾವತ್ತೂ ಒಣಗಿರುತ್ತೆ ಅನ್ನೋದು ತಪ್ಪು ಲೆಕ್ಕ.
* ಹಳ್ಳ, ಚರಂಡಿ: ಕುರುಗೋಡು ಭಾಗದಲ್ಲಿ ಗುಡ್ಡದ ಮಳೆ ನೀರು ಹಳ್ಳಗಳಿಗೆ ಬೇಗ ಇಳಿಯುತ್ತೆ. ಬಳ್ಳಾರಿ ಸಿಟಿಯಲ್ಲಿ ಚರಂಡಿ ಕಟ್ಟಿಕೊಂಡರೆ ತಗ್ಗು ಏರಿಯಾ, ರೈಲ್ವೆ ಅಂಡರ್ ಬ್ರಿಡ್ಜ್‌ಗಳಲ್ಲಿ ನೀರು ನಿಲ್ಲುತ್ತೆ. ಇದಕ್ಕೆ ಮುನ್ಸೂಚನೆ ಸಿಗೋದು ಕಡಿಮೆ.

ಕ್ಯೂಸೆಕ್ ಅಂದ್ರೆ ಎಷ್ಟು?

ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ ಸೆಕೆಂಡಿಗೆ 28 ಲಕ್ಷ ಲೀಟರ್. ಹಾಗೇ ಒಂದು ದಿನ ಹರಿದರೆ 8.64 ಟಿಎಂಸಿ ಆಗುತ್ತೆ. ಡ್ಯಾಂ ಈಗಿನ ಸಾಮರ್ಥ್ಯ ಸುಮಾರು 105.78 ಟಿಎಂಸಿ. ಕಟ್ಟಿದಾಗ 133 ಇತ್ತು, ಉಳಿದದ್ದನ್ನು ಹೂಳು ತಿಂದಿದೆ. ಗಣಿತ ಮೇಷ್ಟ್ರು ಈ ಲೆಕ್ಕವನ್ನು ಬೋರ್ಡ್ ಮೇಲೆ ಮಾಡಿಸಿದರೆ ಸಾಕು, ಪೇಪರ್‌ನಲ್ಲಿ ಬರುವ ಹೊರಹರಿವಿನ ಅಂಕಿ ಮಕ್ಕಳಿಗೆ ತಾನಾಗಿ ಅರ್ಥ ಆಗುತ್ತೆ.

2024ರ ಪಾಠ

2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 33 ಗೇಟ್‌ಗಳ ಪೈಕಿ 19ನೇ ಗೇಟ್‌ನ ಚೈನ್ ಕಟ್ಟಾಗಿ ಗೇಟ್ ಕೊಚ್ಚಿ ಹೋಯಿತು. ಅದೊಂದರಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ನೀರು ಹೊರಗೆ ಬಂತು. ಒತ್ತಡ ಇಳಿಸಲು ಉಳಿದ ಗೇಟ್‌ಗಳನ್ನೂ ತೆರೆದರು. ಒಂದು ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು.

ಗೇಟ್ ಹೋಗೋದು ಬೇರೆ, ಡ್ಯಾಂ ಒಡೆಯೋದು ಬೇರೆ. ಮನೆಯಲ್ಲಿ ವಾಟ್ಸಾಪ್ ಮೊದಲು ನೋಡೋದು ಮಕ್ಕಳೇ. "ಡ್ಯಾಂ ಒಡೆದೈತಂತೆ" ಅಂತ ಮೆಸೇಜ್ ಬಂದರೆ ಫಾರ್ವರ್ಡ್ ಮಾಡದೆ, ತಹಶೀಲ್ದಾರ್ ಕಚೇರಿ ಅಥವಾ ಗ್ರಾಮ ಪಂಚಾಯ್ತಿ ಏನು ಹೇಳಿದೆ ಅಂತ ನೋಡೋದನ್ನು ಕಲಿಸಬೇಕು. ನಿಜವಾದ ಎಚ್ಚರಿಕೆ ಬಂದಾಗ ಅದನ್ನು ಅಜ್ಜ ಅಜ್ಜಿಗೆ, ಪಕ್ಕದ ಮನೆಯವರಿಗೆ ಮುಟ್ಟಿಸೋದೂ ಅವರದೇ ಕೆಲಸ ಆಗಬಹುದು.

ಶಾಲೆಯಲ್ಲಿ ಏನು ಮಾಡಿಸಬಹುದು?

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲೇ ಶಾಲಾ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿದೆ. ದೊಡ್ಡ ಖರ್ಚಿಲ್ಲದೆ ಇಷ್ಟು ಮಾಡಿಸಬಹುದು:

1. ಊರಿನ ನಕ್ಷೆ: ತಗ್ಗು ಜಾಗ, ಹಳ್ಳ, ಸೇತುವೆ, ಎತ್ತರದ ಜಾಗ ಗುರುತು ಮಾಡಿಸಿ. ಕಾಳಜಿ ಕೇಂದ್ರ ಎಲ್ಲಿ ತೆರೀತಾರೆ ಅಂತಲೂ ಬರೆಸಿ. ಎಷ್ಟೋ ಸಲ ಅದು ಶಾಲೆಯ ಕಟ್ಟಡವೇ ಆಗಿರುತ್ತೆ.
2. ಹಿರಿಯರ ನೆನಪು: 2009ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಮನೆಯಲ್ಲಿ ಕೇಳಿಕೊಂಡು ಬರಲಿ. ಆ ಗುರುತನ್ನು ಗೋಡೆ ಮೇಲೆ ಬಣ್ಣದಲ್ಲಿ ಬರೆಯಬಹುದು.
3. ಹರಿಯುವ ನೀರಿನ ಬಲ: ಅರ್ಧ ಅಡಿ ನೀರು ರಭಸವಾಗಿದ್ದರೆ ಆಳನ್ನು ಬೀಳಿಸುತ್ತೆ. ಒಂದು ಅಡಿಗೆ ಸಣ್ಣ ಕಾರು ತೇಲಬಹುದು, ಬೈಕ್ ಮಾತೇ ಬೇಡ. ಸೇತುವೆ ಮೇಲೆ ನೀರಿದ್ದರೆ ದಾಟಬಾರದು, ಕೆಳಗೆ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಕಾಣಲ್ಲ.
4. ಸೆಲ್ಫಿ ಬೇಡ: ಹೊಳೆ ಬಂದಾಗ ನೋಡೋಕೆ ಹೋಗೋದು, ಈಜು ಬರುತ್ತೆ ಅಂತ ಇಳಿಯೋದು, ಎರಡೂ ಬೇಡ.
5. ನೀರು ಇಳಿದ ಮೇಲೆ: ಹಾವು ಮನೆ ಸೇರಿರಬಹುದು. ಕಚ್ಚಿದರೆ ನೇರ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ನಾಟಿ ಮದ್ದು ಅಂತ ಟೈಮ್ ಕಳೆಯಬಾರದು. ನೀರು ಕುದಿಸಿಯೇ ಕುಡಿಯಬೇಕು.

ಅಂಗಡಿ, ಮನೆಯವರಿಗೆ

ಮಕ್ಕಳು ಕಲಿತದ್ದು ಮನೆಯಲ್ಲಿ ನಡೆದರೆ ಮಾತ್ರ ಉಪಯೋಗ. ತಗ್ಗಿನಲ್ಲಿರುವ ಅಂಗಡಿಗಳಲ್ಲಿ ಅಕ್ಕಿ, ಗೊಬ್ಬರ, ಸಿಮೆಂಟ್ ಮೂಟೆಗಳನ್ನು ನೆಲದ ಮೇಲೆ ಇಡದೆ ಎತ್ತರದ ಹಲಗೆ ಮೇಲೆ ಇಡಬೇಕು. ನೀರು ಒಳಗೆ ಬರೋ ಮುಂಚೆ ಮೇನ್ ಸ್ವಿಚ್ ಆಫ್ ಮಾಡಬೇಕು. ಬಂದ ಮೇಲೆ, ನೀರಲ್ಲಿ ನಿಂತು ಸ್ವಿಚ್ ಮುಟ್ಟಲೇಬಾರದು. ಪಹಣಿ, ಆಧಾರ್, ರೇಷನ್ ಕಾರ್ಡ್, ಮಾರ್ಕ್ಸ್ ಕಾರ್ಡ್, ಸಾಲದ ಲೆಕ್ಕದ ಪುಸ್ತಕ ಒಂದೇ ಪ್ಲಾಸ್ಟಿಕ್ ಕವರ್‌ನಲ್ಲಿ ಇರಲಿ. ನದಿ ದಂಡೆಯ ಪಂಪ್‌ಸೆಟ್, ದನಕರುಗಳನ್ನು ಬೆಳಕಿರುವಾಗಲೇ ಮೇಲಕ್ಕೆ ತರಬೇಕು. ರಾತ್ರಿ ಹೊಳೆಗೆ ಇಳಿಯೋದು ಬೇಡ.

ತುರ್ತು ನಂಬರ್: ಪೊಲೀಸ್, ಅಗ್ನಿಶಾಮಕ, ಎಲ್ಲಕ್ಕೂ 112. ಜಿಲ್ಲಾ ವಿಪತ್ತು ಸಹಾಯವಾಣಿ 1077. ಆಂಬುಲೆನ್ಸ್ 108. ಈ ಮೂರನ್ನು ಮಕ್ಕಳ ನೋಟ್‌ಬುಕ್‌ನ ಮೊದಲ ಪುಟದಲ್ಲಿ, ಅಂಗಡಿಯ ಗಲ್ಲಾ ಪೆಟ್ಟಿಗೆ ಮೇಲೆ ಬರೆದಿಡಿ.