ಶೀತಕ್ಕೆ ಸಿಲುಕಿದ ಉಕ್ಕು

1943ರ ಜನವರಿ 16ರ ರಾತ್ರಿ, ಅಮೆರಿಕದ ಪೋರ್ಟ್‌ಲೆಂಡ್ ಪಟ್ಟಣದ ಹಡಗುಕಟ್ಟೆಯಲ್ಲಿ, ಪರೀಕ್ಷಾಯಾನವನ್ನು ಮುಗಿಸಿ ನಿಶ್ಚಲವಾದ ನೀರಿನಲ್ಲಿ ತಂಗಿದ್ದ ‘ಸ್ಕೆನೆಕ್ಟಡಿ’ ಎಂಬ ಹೊಸ ತೈಲನೌಕೆಯು, ಬಿರುಗಾಳಿಯ ಹೊಡೆತವಾಗಲಿ ತೆರೆಗಳ ತಾಡನವಾಗಲಿ ಇಲ್ಲದಿರುವಾಗಲೇ, ಭಯಂಕರ ಶಬ್ದದೊಡನೆ ನಡುವಿನಲ್ಲಿ ಬಿರಿದುಹೋಯಿತು. ಯುದ್ಧಕಾಲದ ತ್ವರೆಯಲ್ಲಿ ಬೆಸುಗೆಯಿಂದ ಕಟ್ಟಿದ ಬೇರೆ ನೌಕೆಗಳೂ ಹೀಗೆಯೇ ಬಿರಿಯಲು, ಹಲವರು ಬೆಸುಗೆಯನ್ನೇ ದೂಷಿಸಿದರು. ಆದರೆ ಒಂದು ನಿರ್ದಿಷ್ಟ ಉಷ್ಣತೆಗಿಂತ ಕೆಳಗಿಳಿದೊಡನೆ ಉಕ್ಕು ತನ್ನ ಬಾಗುವ ಗುಣವನ್ನು ತೊರೆದು ಗಾಜಿನಂತೆ ಒಡೆಯುವುದೆಂಬುದನ್ನು ಕೇಂಬ್ರಿಡ್ಜಿನ ವಿದುಷಿ ಕಾನ್‌ಸ್ಟೆನ್ಸ್ ಟಿಪ್ಪರ್ ತೋರಿಸಿಕೊಟ್ಟರು.

ಈ ಗುಣವನ್ನು ಅಳೆಯುವ ಉಪಾಯವು ಅದಕ್ಕೆ ಮೊದಲೇ ಸಿದ್ಧವಿದ್ದಿತು. ಫ್ರಾನ್ಸಿನ ಜಾರ್ಜ್ ಶಾರ್ಪಿ 1901ರಲ್ಲಿ ವಿವರಿಸಿದ ಘಾತಪರೀಕ್ಷೆಯಲ್ಲಿ, ಕಚ್ಚು ಕೊರೆದ ಸಣ್ಣದೊಂದು ಲೋಹಖಂಡವನ್ನು ತೂಗುವ ಸುತ್ತಿಗೆಯು ಒಂದೇ ಏಟಿಗೆ ಮುರಿಯುತ್ತದೆ. ಮುರಿಯುವಾಗ ಅದು ಹೀರಿಕೊಂಡ ಶಕ್ತಿಯೇ ಅದರ ದಾರ್ಢ್ಯದ ಪ್ರಮಾಣ. ಒಡೆದ ನೌಕೆಗಳ ಫಲಕಗಳನ್ನು ಪರೀಕ್ಷಿಸಿದ ಬಳಿಕ, ಸುಮಾರು 20 ಜೌಲ್ ಎಂಬ ಗಡಿಯು ರೂಢಿಗೆ ಬಂದಿತು.

ಆದರೆ ಪ್ರತಿಯೊಂದು ಫಲಕವನ್ನೂ ಹೀಗೆ ಪರೀಕ್ಷಿಸುವುದು ಬಹು ವ್ಯಯದ ಕಾರ್ಯವಾದುದರಿಂದ, ಅಮೆರಿಕದ ಯಂತ್ರಶಿಲ್ಪಿಗಳ ಸಂಘವು ಒತ್ತಡಪಾತ್ರೆಗಳಿಗಾಗಿ ರಚಿಸಿದ ಸಂಹಿತೆಯು, ಸಾಧಾರಣ ಇಂಗಾಲದ ಉಕ್ಕಿಗೆ −29 ಡಿಗ್ರಿ ಸೆಲ್ಸಿಯಸ್‌ವರೆಗೆ ದೀರ್ಘಕಾಲ ವಿನಾಯಿತಿ ನೀಡುತ್ತ ಬಂದಿತು. 1987ರ ಪರಿಷ್ಕರಣವು ಈ ಔದಾರ್ಯವನ್ನು ಬಹುಮಟ್ಟಿಗೆ ಕೈಬಿಟ್ಟು, ಉಕ್ಕಿನ ಜಾತಿಗನುಗುಣವಾಗಿ ಎ, ಬಿ, ಸಿ, ಡಿ ಎಂಬ ನಾಲ್ಕು ವಕ್ರರೇಖೆಗಳನ್ನು ಎಳೆಯಿತು. ಅವುಗಳಲ್ಲಿ ಫಲಕದ ದಪ್ಪ ಹೆಚ್ಚಿದಂತೆಲ್ಲ ಅನುಮತಿಸಿದ ಕನಿಷ್ಠ ಉಷ್ಣತೆಯೂ ಮೇಲೇರುವುದು, ಏಕೆಂದರೆ ದಪ್ಪ ಲೋಹದ ಒಡಲಲ್ಲಿ ಬಿರುಕಿನ ತುದಿಗೆ ಮಣಿಯಲು ಎಡೆ ಕಡಮೆ.

ಈ ನ್ಯಾಯದ ಸೂಕ್ಷ್ಮತೆಯು ಹೀಟ್ ಎಕ್ಸ್‌ಚೇಂಜರಿನಲ್ಲಿ, ಅಂದರೆ ಉಷ್ಣವಿನಿಮಯ ಯಂತ್ರದಲ್ಲಿ, ಚೆನ್ನಾಗಿ ಕಾಣುತ್ತದೆ. ಅದರ ಅಂಗಾಂಗಗಳಿಗೆ ಒಂದೇ ಅಳತೆಗೋಲಿಲ್ಲ: 2.5 ಮಿಲಿಮೀಟರು ಮೀರದ ತೆಳುವಾದ ಇಂಗಾಲದ ಉಕ್ಕಿನ ಕೊಳವೆಗಳಿಗೆ −48 ಡಿಗ್ರಿಯವರೆಗೆ ಪರೀಕ್ಷೆ ಬೇಡ. ಬೆಸುಗೆಯಿಲ್ಲದೆ ಬೋಲ್ಟುಗಳಿಂದ ಬಿಗಿದ ದಪ್ಪ ಕೊಳವೆಫಲಕಕ್ಕೆ, ಅಂದರೆ ಕೊಳವೆಗಳ ತುದಿಗಳನ್ನು ಹಿಡಿದಿಡುವ ಫಲಕಕ್ಕೆ, ಅದರ ದಪ್ಪದ ನಾಲ್ಕನೆಯ ಒಂದು ಭಾಗವೇ ಗಣನೆಗೆ ಬರುವುದು. 304ರಂತಹ ಕಲೆರಹಿತ ಉಕ್ಕಿಗಾದರೋ −196 ಡಿಗ್ರಿಯವರೆಗೂ ಸಾಮಾನ್ಯವಾಗಿ ವಿನಾಯಿತಿಯುಂಟು.

ಆದರೂ 1998ರ ಸೆಪ್ಟೆಂಬರ್ 25ರಂದು, ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಲಾಂಗ್‌ಫರ್ಡ್ ಅನಿಲಸ್ಥಾವರದಲ್ಲಿ, ಬಿಸಿ ತೈಲವನ್ನು ಹರಿಸುವ ಪಂಪುಗಳು ನಿಂತುಹೋಗಿ, ಬಿಸಿಗೆಂದೇ ರೂಪಿಸಿದ್ದ ಉಷ್ಣವಿನಿಮಯ ಯಂತ್ರವೊಂದು ಸುಮಾರು −48 ಡಿಗ್ರಿಯವರೆಗೆ ತಣ್ಣಗಾಗಿ ಮೈಮೇಲೆ ಹಿಮ ಕಟ್ಟಿತು. ಪುನಃ ಬಿಸಿ ತೈಲವನ್ನು ಹರಿಸಿದಾಗ ಅದು ಒಡೆದು, ಬೆಂಕಿಯೆದ್ದು, ಇಬ್ಬರು ಮಡಿದರು, ಎಂಟು ಮಂದಿ ಗಾಯಗೊಂಡರು, ಮೆಲ್ಬರ್ನ್ ನಗರವು ಎರಡು ವಾರಕ್ಕೂ ಮಿಗಿಲಾಗಿ ಅನಿಲವಿಲ್ಲದೆ ಕಂಗೆಟ್ಟಿತು. ವಿಚಾರಣೆ ನಡೆಸಿದ ರಾಯಲ್ ಕಮಿಷನ್ನು, ತಣಿದ ಉಕ್ಕಿನ ಅಪಾಯವನ್ನು ಅಲ್ಲಿನ ಕೆಲಸಗಾರರಿಗೆ ಸಾಕಷ್ಟು ಕಲಿಸಿರಲಿಲ್ಲವೆಂದು ಕಂಡುಕೊಂಡಿತು.

ಹಾಗಾಗಿ ವಿನಾಯಿತಿಯೆಂಬುದು, ಈ ಲೋಹವು ಇಷ್ಟಕ್ಕಿಂತ ಕೆಳಗೆ ತಣಿಯದೆಂದು ರೂಪಿಸುವವನು ನಡೆಸುವವನ ಪರವಾಗಿ ಮಾಡಿದ ಪ್ರತಿಜ್ಞೆ. ಆ ಪ್ರತಿಜ್ಞೆಯು ವಿನ್ಯಾಸದ ಕಡತದಲ್ಲಿ ಉಳಿದುಹೋದರೆ ವ್ಯರ್ಥ. ಯಂತ್ರದ ಬಳಿ ನಿಂತು ಕವಾಟ ತಿರುಗಿಸುವವನಿಗೂ ಅದು ತಿಳಿದಿರಬೇಕು, ಏಕೆಂದರೆ ಪ್ರತಿದಿನವೂ ಅದನ್ನು ಉಳಿಸಿಕೊಳ್ಳಬೇಕಾದವನು ಅವನೇ.