ಅಜ್ಜನ ಫೋಟೋ ಗಟ್ಟಿ, ಅಪ್ಪನ ಫೋಟೋ ಮಂಕು

ಇಲ್ಲಿ ಏನಾದರೂ ಬರೆದು ಬಹಳ ದಿನ ಆಯಿತು. ಬರೆಯೋಕೆ ವಿಷಯ ಇರಲಿಲ್ಲ ಅಂತೇನಲ್ಲ, ಬರೀ ಸೋಮಾರಿತನ. ಈ ಸಲ ನನ್ನ ಕೈಲಿ ಬರೆಸಿದ್ದು ನಮ್ಮವ್ವ.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಫೋಟೋಗಳು ಅಕ್ಕಪಕ್ಕ ಇವೆ. ಒಂದು ಅಜ್ಜ-ಅಜ್ಜಿಯದು, ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದಾಗ, ಅಂದರೆ 1953ಕ್ಕಿಂತ ಮೊದಲು ಸ್ಟುಡಿಯೋದಲ್ಲಿ ತೆಗೆಸಿದ್ದು. ಇನ್ನೊಂದು ಅಪ್ಪನದು. ಅಪ್ಪ ಹೋಗಿ ನಾಲ್ಕು ವರ್ಷ ಆಯಿತು. ಹನ್ನೊಂದನೇ ದಿನಕ್ಕೆ ಬೇಕು ಅಂತ ನಾನೇ ಅವಸರದಲ್ಲಿ ಮನೆಯ ಪ್ರಿಂಟರಿನಲ್ಲಿ ತೆಗೆದು ಫ್ರೇಮು ಹಾಕಿಸಿದ್ದೆ. ಮೊನ್ನೆ ಧೂಳು ಒರೆಸುತ್ತಿದ್ದ ಅವ್ವ ಕೇಳಿದಳು: "ಏನೋ, ನಿಮ್ಮಪ್ಪನ ಮುಖ ಯಾಕ ಹಿಂಗ ಆಗೈತಿ? ನಿಮ್ಮಜ್ಜನ ಮುಖ ನೋಡು, ಹೆಂಗ ಗಟ್ಟಿ ಐತಿ!"

ಹತ್ತಿರ ಹೋಗಿ ನೋಡಿದೆ. ನಿಜ. ಎಪ್ಪತ್ತು ವರ್ಷ ದಾಟಿದ ಅಜ್ಜನ ಮೀಸೆ ಕಪ್ಪಗೇ ಇದೆ. ನಾಲ್ಕು ವರ್ಷದ ಅಪ್ಪನ ಮುಖದಲ್ಲಿ ಕೆಂಪು ಹೋಗಿ, ಕಾಮಾಲೆ ಆದವರ ಹಾಗೆ ಹಳದಿ-ಹಸಿರು ಬಂದಿದೆ. ಮೂಲ ಫೋಟೋ ಇದ್ದ ಮೊಬೈಲು ನೀರಿಗೆ ಬಿದ್ದು ಹಾಳಾಗಿ ಎರಡು ವರ್ಷ ಆಗಿತ್ತು. ಅಂದರೆ ನಾನು ಉಳಿಸಿಕೊಂಡಿದ್ದ ಒಂದೇ ಪ್ರತಿ ಗೋಡೆಯ ಮೇಲೆ ದಿನಾ ಸ್ವಲ್ಪ ಸ್ವಲ್ಪ ಅಳಿಸಿಹೋಗುತ್ತಿತ್ತು, ನಾನು ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ.

ಅವತ್ತು ರಾತ್ರಿಯಿಂದ ಫೋಟೋ ಕಾಗದದ ಹಿಂದೆ ಬಿದ್ದೆ. ಅಗ್ಗದಲ್ಲಿ ಒಳ್ಳೆಯ ಕಾಗದ ಯಾವುದು ಅಂತ ಹುಡುಕಲು ಹೋದವನಿಗೆ ಅದರ ಚರಿತ್ರೆಯೇ ಸಿಕ್ಕಿತು. ಮೊದಲು ಅದನ್ನೇ ಹೇಳುತ್ತೇನೆ, ಅಂಗಡಿಗೆ ಆಮೇಲೆ ಹೋಗೋಣ.

ನಮ್ಮ ಊರಿನಿಂದ ಅರವತ್ತು ಕಿಲೋಮೀಟರು ದೂರದ ಹಂಪಿಯಿಂದಲೇ ಶುರು ಮಾಡುತ್ತೇನೆ. (2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೂ ಹಂಪಿ ನಮ್ಮ ಜಿಲ್ಲೆಯದೇ!) 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಅಲ್ಲಿ ದೊಡ್ಡ ಕ್ಯಾಮೆರಾ ಇಟ್ಟು ಫೋಟೋ ತೆಗೆದ. ಆಗ ಫಿಲ್ಮು ಇರಲಿಲ್ಲ. ಗಾಜಿನ ಪ್ಲೇಟು ಬಂದಿತ್ತು, ಆದರೆ ಅದಕ್ಕೆ ಸ್ಥಳದಲ್ಲೇ ಔಷಧಿ ಬಳಿದು, ಒಣಗುವುದರೊಳಗೆ ಫೋಟೋ ತೆಗೆದು ತೊಳೆದು ಮುಗಿಸಬೇಕಿತ್ತು. ನಮ್ಮ ಬಿಸಿಲಿನಲ್ಲಿ ಅದು ಆಗುವ ಮಾತೇ? ಗ್ರೀನ್‌ಲಾ ಆರಿಸಿಕೊಂಡದ್ದು ಕಾಗದವನ್ನು. ತೆಳುವಾದ ಒಳ್ಳೆಯ ಕಾಗದಕ್ಕೆ ಮೇಣ ಕುಡಿಸಿದರೆ ಅದು ಗಾಜಿನಂತೆ ಪಾರದರ್ಶಕವಾಗುತ್ತದೆ. ಅದರ ಮೇಲೆ ಬೆಳ್ಳಿಯ ಲವಣ ಕೂರಿಸಿದರೆ ನೆಗೆಟಿವ್ ತಯಾರು. ಈ ಮೇಣದ ಕಾಗದದ ವಿಧಾನವನ್ನು ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಪ್ರಕಟಿಸಿದ್ದ. ಕಾಗದವನ್ನು ಮೊದಲೇ ಸಿದ್ಧಮಾಡಿ ಒಣಗಿಸಿ ಒಯ್ಯಬಹುದಾಗಿದ್ದರಿಂದ ಪ್ರವಾಸದವರಿಗೆ, ಬಿಸಿಲ ನಾಡಿನವರಿಗೆ ಇದು ಬಹಳ ಅನುಕೂಲವಾಯಿತು.

ಆ ನೆಗೆಟಿವ್‌ಗಳು ಒಂದು ಅಡಿಗಿಂತ ದೊಡ್ಡವು. ಅವು ಎಲ್ಲೋ ಇದ್ದು 1980ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದವು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಹಳತು ಹೊಸತು ಜೋಡಿಸಿ ನೋಡಿದರೆ ಎದೆ ಝಲ್ಲೆನ್ನುತ್ತದೆ. 50 ರೂಪಾಯಿ ನೋಟಿನ ಹಿಂದೆ ಇರುವ ಕಲ್ಲಿನ ರಥ ಗೊತ್ತಲ್ಲ, ಗ್ರೀನ್‌ಲಾನ ಫೋಟೋದಲ್ಲಿ ಅದರ ಮೇಲೆ ಇಟ್ಟಿಗೆ ಗಾರೆಯ ಒಂದು ಶಿಖರ ಇದೆ! ಈಗ ಅದಿಲ್ಲ. ಆ ಶಿಖರ ಹೋಯಿತು, ಆದರೆ ಅದರ ಚಿತ್ರವಿದ್ದ ಕಾಗದ ಉಳಿಯಿತು.

ಹಾಗಂತ ಆ ಕಾಲದ ಫೋಟೋಗಳೆಲ್ಲ ಉಳಿದವು ಅಂದುಕೊಳ್ಳಬೇಡಿ. ಫೋಟೋ ಮಂಕಾಗುವ ತಾಪತ್ರಯ ಎಷ್ಟಿತ್ತೆಂದರೆ, 1855ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ ಇದಕ್ಕಂತಲೇ ಒಂದು ಸಮಿತಿ ಮಾಡಿತು. ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ 50 ಪೌಂಡು ದೇಣಿಗೆ ಕೊಟ್ಟ. ಸಮಿತಿ ಕಂಡುಕೊಂಡದ್ದು ಇಷ್ಟು: ಔಷಧಿಯನ್ನು ಸರಿಯಾಗಿ ತೊಳೆಯದೆ ಬಿಟ್ಟರೆ ಫೋಟೋ ಹಾಳು, ಗಾಳಿಯಲ್ಲಿರುವ ಗಂಧಕದಿಂದಲೂ ಹಾಳು. ಗಾಳಿಯೂ ಫೋಟೋವನ್ನು ತಿನ್ನುತ್ತದೆ ಅನ್ನುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೆಗೆಟಿವ್‌ನಿಂದ ಪ್ರಿಂಟು ತೆಗೆಯುವುದಕ್ಕೂ ಕಾಗದ ಬೇಕಲ್ಲ? 1850ರಲ್ಲಿ ಬ್ಲಾಂಕಾರ್-ಎವ್ರಾರ್ ಎಂಬ ಫ್ರೆಂಚ್ ಮನುಷ್ಯ ಮೊಟ್ಟೆಯ ಬಿಳಿ ಲೋಳೆ ಬಳಿದ ಕಾಗದ ತಂದ. ಚಿತ್ರ ಕಾಗದದ ನಾರಿನೊಳಗೆ ಇಂಗದೆ ಮೇಲೆಯೇ ಹೊಳೆಯುತ್ತ ನಿಂತಿತು. ಹತ್ತೊಂಬತ್ತನೇ ಶತಮಾನದ ಕೊನೆಯ ತನಕ ಜಗತ್ತಿನ ಬಹುಪಾಲು ಫೋಟೋ ಈ ಮೊಟ್ಟೆ ಕಾಗದದ ಮೇಲೆಯೇ. (ಪಕ್ಕಾ ಸಸ್ಯಾಹಾರಿಗಳ ಮನೆಯಲ್ಲೂ ಮೊಟ್ಟೆ ಗೋಡೆಗೆ ತೂಗಾಡಿದ್ದು ಹೀಗೆ :))

ಅದಕ್ಕೆ ಬೇಕಾದ ಮೂಲ ಕಾಗದವನ್ನು ಮಾತ್ರ ಎಲ್ಲರಿಗೂ ಮಾಡಲು ಆಗಲಿಲ್ಲ. ಫ್ರಾನ್ಸಿನ ರೀವ್ ಮತ್ತು ಮಾಲ್ಮೆಡಿಯ ಸ್ಟೈನ್‌ಬಾಖ್, ಈ ಎರಡು ಗಿರಣಿಗಳೇ ಬಹುಕಾಲ ಮಾರುಕಟ್ಟೆ ಆಳಿದವು. ಮುಖ್ಯ ಕಾರಣ ನೀರು. ಅವರ ನೀರಿನಲ್ಲಿ ಕಬ್ಬಿಣದ ಅಂಶ ಇರಲಿಲ್ಲ. ಕಾಗದದಲ್ಲಿ ಕಬ್ಬಿಣದ ಕಣ ಇದ್ದರೆ ಬೆಳ್ಳಿ ಅಲ್ಲಿ ಕಲೆಯಾಗುತ್ತದೆ. ಸಂಡೂರಿನ ಅದಿರಿನ ಕೆಂಪು ಧೂಳು ಕುಡಿದು ಬೆಳೆದ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ಅಜ್ಜನ ಫೋಟೋ ಇದರ ಮುಂದಿನ ಕಾಲದ್ದು. ಅದರಲ್ಲಿ ಮೊಟ್ಟೆ ಇಲ್ಲ, ಜೆಲಾಟಿನ್ ಇದೆ. ಕಾಗದಕ್ಕೂ ಜೆಲಾಟಿನ್ನಿಗೂ ನಡುವೆ ಬೆರೈಟಾ ಅಂದರೆ ಬೇರಿಯಂ ಸಲ್ಫೇಟಿನ ಬಿಳಿ ಲೇಪ ಇರುತ್ತದೆ, ಗೋಡೆಗೆ ಬಣ್ಣ ಬಳಿಯುವ ಮೊದಲು ಸುಣ್ಣ ಹೊಡೆದ ಹಾಗೆ. ಇದೇ ಬೇರಿಯಂ ಸಲ್ಫೇಟು ಖನಿಜವಾಗಿ ನಮ್ಮ ಹಳೆಯ ದತ್ತ ಮಂಡಲದ ಕಡಪಾ ಸೀಮೆಯ ಮಂಗಂಪೇಟೆಯಲ್ಲಿ ರಾಶಿರಾಶಿ ಇದೆ. ಚಿತ್ರ ಆಗಿರುವುದು ಮಾತ್ರ ಬಣ್ಣದಿಂದಲ್ಲ, ಬೆಳ್ಳಿಯ ಸಣ್ಣ ಕಣಗಳಿಂದ. ಸ್ಟುಡಿಯೋದವರು ಸರಿಯಾಗಿ ತೊಳೆದಿದ್ದರೆ ಬೆಳ್ಳಿ ಸುಲಭಕ್ಕೆ ಅಳುಕುವುದಿಲ್ಲ. ಅಜ್ಜನ ಮೀಸೆಯ ಗುಟ್ಟು ಇಷ್ಟೇ.

ಇಂಥ ಕಾಗದ ನಮ್ಮ ನೆರೆಯಲ್ಲೇ ತಯಾರಾಗುತ್ತಿತ್ತು ಅಂತ ಎಷ್ಟು ಜನಕ್ಕೆ ಗೊತ್ತು? ಊಟಿಯಲ್ಲಿ ಕೇಂದ್ರ ಸರಕಾರ 1960ರಲ್ಲಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪಿಸಿತು. ಫ್ರಾನ್ಸಿನ ಬೋಶೆ ಕಂಪನಿಯ ಸಹಯೋಗ. ಧೂಳಿಲ್ಲದ ತಂಪು ಗಾಳಿ, ಶುದ್ಧ ನೀರು ಬೇಕೆಂದೇ ಬೆಟ್ಟ ಹತ್ತಿದ್ದು. ಸರಕಿನ ಹೆಸರು "ಇಂದು", ಅಂದರೆ ಚಂದ್ರ. ಕಪ್ಪು-ಬಿಳುಪು ಚಿತ್ರಕ್ಕೆ ಎಂಥ ಚೆಂದದ ಹೆಸರು! ಸಿನಿಮಾ ಫಿಲ್ಮು, ಎಕ್ಸ್-ರೇ ಫಿಲ್ಮು, ಫೋಟೋ ಕಾಗದ ಎಲ್ಲ ಅಲ್ಲಿಂದ ಬಂದವು. ಆಮೇಲೆ ಬಣ್ಣ ಬಂತು, ಡಿಜಿಟಲ್ ಬಂತು, ಕಾರ್ಖಾನೆ ರೋಗಗ್ರಸ್ತ ಉದ್ದಿಮೆಯಾಗಿ ಕೊನೆಗೆ ಬಾಗಿಲು ಹಾಕಿತು.

ಬಣ್ಣ ಬಂದಾಗಿನಿಂದಲೇ ಆಯುಷ್ಯದ ಕಥೆ ಬದಲಾದದ್ದು. ಕಲರ್ ಪ್ರಿಂಟಿನಲ್ಲಿ ಕೊನೆಗೆ ಉಳಿಯುವುದು ಬೆಳ್ಳಿಯಲ್ಲ, ಡೈ. ಬಟ್ಟೆಯ ಬಣ್ಣದ ಹಾಗೆ ಅದಕ್ಕೆ ಬಿಸಿಲೂ ಶತ್ರು, ಸೆಖೆಯೂ ಶತ್ರು. 1970ರ ದಶಕದ ಮದುವೆ ಆಲ್ಬಮ್ಮುಗಳು ಕೆಂಪಾಗಿ ಕೂತಿರುವುದು ಇದಕ್ಕೇ. ಅದೇ ಸುಮಾರಿಗೆ ಕಾಗದದ ಎರಡೂ ಕಡೆ ಪ್ಲಾಸ್ಟಿಕ್ ಪೊರೆ ಹಾಕುವ ಪದ್ಧತಿ ಬಂತು. ನೀರು ಕುಡಿಯುವುದಿಲ್ಲ, ಬೇಗ ಒಣಗುತ್ತದೆ. ಇದನ್ನು ಆರ್‌ಸಿ ಕಾಗದ ಅನ್ನುತ್ತಾರೆ. ಈಗಿನ ಇಂಕ್‌ಜೆಟ್ ಫೋಟೋ ಕಾಗದದಲ್ಲಿ ಸ್ವಲ್ಪ ಒಳ್ಳೆಯ ಜಾತಿಯದು ಇದರದ್ದೇ ಸಂತಾನ.

ಮನೆಗೆ ಇಂಕ್‌ಜೆಟ್ ಬಂದಮೇಲೆ 1855ರ ಸಮಿತಿಯ ಮಾತು ಮತ್ತೆ ನಿಜವಾಯಿತು. 2000ನೇ ಇಸವಿಯಲ್ಲಿ ಹೊಸದಾಗಿ ಬಂದ ಕೆಲವು ಫೋಟೋ ಪ್ರಿಂಟರುಗಳ ಚಿತ್ರಗಳು ಕೆಲವರ ಮನೆಯಲ್ಲಿ ಬೇಗನೆ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಕಾರಣ ಬೆಳಕಲ್ಲ, ಗಾಳಿಯಲ್ಲಿರುವ ಓಝೋನ್. ಮುಟ್ಟಿದ ಕೂಡಲೇ ಒಣಗಿದಂತಿರುವ ಹೊಳಪಿನ ಕಾಗದದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಶಾಯಿ ಆ ರಂಧ್ರದೊಳಗೆ ಕೂರುತ್ತದೆ, ಹಿಂದೆಯೇ ಗಾಳಿಯೂ ಹೋಗುತ್ತದೆ. ಅಪ್ಪನ ಮುಖದ ಕೆಂಪನ್ನು ತಿಂದವರಲ್ಲಿ ಬೆಳಕಿನ ಜೊತೆ ಈ ಗಾಳಿಯೂ ಇದ್ದಿರಬೇಕು. ಫ್ರೇಮಿಗೆ ಗಾಜು ಬೇಡ, ಹೊಳೆಯುತ್ತದೆ ಅಂದವನು ನಾನೇ!

ಇಷ್ಟು ತಿಳಿದುಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಜಿಎಸ್ಎಮ್ ಬೇಕ್ರಿ ಸರ?" ಜಿಎಸ್ಎಮ್ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಅನ್ನುವುದು ಮಾತ್ರ. ಅದು ಗುಣ ಅಲ್ಲ. ದಪ್ಪ ಕಾಗದದ ಮೇಲೆ ಕಳಪೆ ಲೇಪವೂ ಇರಬಹುದು. ನನ್ನ ಹಳೆಯ ಕಟ್ಟು 230 ಜಿಎಸ್ಎಮ್ಮೇ ಇತ್ತು, ಏನಾಯಿತು? ಈ ಸಲ ನಾನು ನೋಡಿದ್ದು ಬೇರೆ.

ಮೊದಲನೆಯದು, ಹಾಳೆಯ ಹಿಂಬದಿ. ಮಾಮೂಲಿ ಕಾಗದದ ಹಾಗಿದ್ದರೆ ಅದು ಬರೀ ಲೇಪದ ಕಾಗದ. ಹಿಂಬದಿಯೂ ನುಣುಪಾಗಿ ಪ್ಲಾಸ್ಟಿಕ್ಕಿನ ಹಾಗಿದ್ದರೆ ಆರ್‌ಸಿ. ಅನುಮಾನ ಇದ್ದರೆ ಮೂಲೆ ಹರಿದು ನೋಡಿ, ಆರ್‌ಸಿ ಆದರೆ ತೆಳು ಪೊರೆ ಎಳೆಯುತ್ತ ಬರುತ್ತದೆ. ಎರಡನೆಯದು, ಪ್ರಿಂಟರಿನ ಶಾಯಿ. ಎಷ್ಟೋ ಟ್ಯಾಂಕ್ ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಮೂರು ಬಣ್ಣ ಡೈ. ಸೆಟ್ಟಿಂಗಿನಲ್ಲಿ "ಮಾಮೂಲಿ ಕಾಗದ" ಅಂತಲೇ ಬಿಟ್ಟು ಹೊಳಪಿನ ಹಾಳೆ ಹಾಕಿದರೆ ಆ ಕಪ್ಪು ಒಳಗಿಳಿಯದೆ ಬೆರಳಿಗೆ ಹತ್ತುತ್ತದೆ. ಕಾಗದದ ಜಾತಿ ಬದಲಿಸುವುದಕ್ಕೆ ದುಡ್ಡು ಕೊಡಬೇಕಿಲ್ಲ. ಮೂರನೆಯದು, ಕಂಪನಿಯ ಶಾಯಿ. ಕಾಗದದಲ್ಲಿ ಉಳಿಸಬಹುದು, ಗೋಡೆಗೆ ಹಾಕುವ ಫೋಟೋಗೆ ಶಾಯಿಯಲ್ಲಿ ಉಳಿಸಬಾರದು.

ಮೂರು ಜಾತಿಯ ಸಣ್ಣ ಕಟ್ಟು ತಂದು ಒಂದು ಪರೀಕ್ಷೆ ಮಾಡಿದೆ. ಮೂರರ ಮೇಲೂ ಒಂದೇ ಫೋಟೋ ತೆಗೆದು, ಅರ್ಧಕ್ಕೆ ರಟ್ಟು ಮುಚ್ಚಿ, ಪಡುವಣ ಕಿಟಕಿಗೆ ಎರಡು ತಿಂಗಳು ಅಂಟಿಸಿದೆ. ಬಳ್ಳಾರಿ ಬಿಸಿಲಿಗಿಂತ ದೊಡ್ಡ ಪ್ರಯೋಗಾಲಯ ಬೇಕೇ? ರಟ್ಟು ತೆಗೆದಾಗ ಅಗ್ಗದ ಲೇಪದ ಹಾಳೆಯಲ್ಲಿ ಗೆರೆ ಎಳೆದ ಹಾಗೆ ಎರಡು ಬಣ್ಣ. ಮಧ್ಯಮ ಬೆಲೆಯ ಆರ್‌ಸಿಯಲ್ಲಿ ಹುಡುಕಿ ನೋಡಬೇಕಾದಷ್ಟು ವ್ಯತ್ಯಾಸ. ಎಲ್ಲಕ್ಕಿಂತ ದುಬಾರಿಯದು ಮಧ್ಯಮದ್ದಕ್ಕಿಂತ ಹೆಚ್ಚೇನೂ ಗೆಲ್ಲಲಿಲ್ಲ. ಇದು ನನ್ನ ಪ್ರಿಂಟರು, ನನ್ನ ಶಾಯಿಯ ಫಲಿತಾಂಶ. ನಿಮ್ಮದನ್ನು ನಿಮ್ಮ ಕಿಟಕಿಯೇ ಹೇಳಬೇಕು.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಗ್ಗದ ಎ4 ಹಾಳೆ ಒಂದಕ್ಕೆ ಐದು ರೂಪಾಯಿ ಆಸುಪಾಸು ಬಿತ್ತು, ಆರ್‌ಸಿ ಹದಿನೈದರ ಮೇಲೆ. ಮಕ್ಕಳ ಶಾಲೆಯ ಚಾರ್ಟು, ಹುಟ್ಟುಹಬ್ಬದ ಅಲಂಕಾರಕ್ಕೆಲ್ಲ ಐದು ರೂಪಾಯಿಯದೇ ಸಾಕು. ಗೋಡೆಗೆ, ಆಲ್ಬಮ್ಮಿಗೆ ಮಾತ್ರ ಆರ್‌ಸಿ. ಒಂದು ಎ4ನಲ್ಲಿ ಮಾಮೂಲಿ ನಾಲ್ಕು-ಆರು ಇಂಚಿಗಿಂತ ಕೂದಲೆಳೆ ಕಡಿಮೆ ಅಳತೆಯ ನಾಲ್ಕು ಫೋಟೋ ಹಿಡಿಯುತ್ತವೆ, ಅಲ್ಲಿಗೆ ಒಂದಕ್ಕೆ ಕಾಗದದ ಖರ್ಚು ನಾಲ್ಕೈದು ರೂಪಾಯಿ. ವರ್ಷಕ್ಕೆ ಉಳಿಸಬೇಕೆನ್ನುವ ಫೋಟೋ ಹತ್ತು ಇರಬಹುದೇ? ಆ ಹತ್ತಕ್ಕೆ ಜಿಪುಣತನ ಮಾಡಿದ್ದೇ ನನ್ನ ತಪ್ಪು.

ಅಪ್ಪನ ಫೋಟೋ ಕಥೆ? ಹೊಸಪೇಟೆಯಲ್ಲಿರುವ ಅಕ್ಕನ ಮೊಬೈಲಿನಲ್ಲಿ, ವಾಟ್ಸಾಪಿನಲ್ಲಿ ನಾನೇ ಯಾವತ್ತೋ ಕಳಿಸಿದ್ದ ಸಣ್ಣ ಪ್ರತಿ ಸಿಕ್ಕಿತು. ಕುಗ್ಗಿದ ಫೈಲು, ದೊಡ್ಡದು ಮಾಡಿದರೆ ಒಡೆಯುತ್ತದೆ. ಹಾಗಾಗಿ ಫೋಟೋ ಸಣ್ಣದಾಯಿತು, ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು. ಆರ್‌ಸಿ ಕಾಗದದ ಮೇಲೆ ತೆಗೆದು, ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಗಾಜು ಹಾಕಿಸಿ, ಕಿಟಕಿ ಎದುರಿನ ಗೋಡೆ ಬಿಟ್ಟು ಒಳಗೋಡೆಗೆ ಹಾಕಿದೆ. ಇನ್ನೆರಡು ಪ್ರತಿ ತೆಗೆದು ಒಂದನ್ನು ಬೀರುವಿನ ಕತ್ತಲಲ್ಲಿ ಇಟ್ಟೆ, ಒಂದು ಅಕ್ಕನಿಗೆ ಹೋಯಿತು. ಫೈಲೂ ಈಗ ಮೂರು ಕಡೆ ಇದೆ.

ಅವ್ವ ಹೊಸ ಫೋಟೋವನ್ನು ಬಹಳ ಹೊತ್ತು ನೋಡಿದಳು. "ಸಣ್ಣದಾತು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಇರಲಿ ಬಿಡು, ಮುಖ ಅವರದ ಐತಿ" ಅಂದು ಸೆರಗಿನಿಂದ ಗಾಜು ಒರೆಸಿದಳು.

ನಿಮ್ಮ ಮನೆಯ ಗೋಡೆಯನ್ನೂ ಇವತ್ತು ಒಮ್ಮೆ ಹತ್ತಿರದಿಂದ ನೋಡಿ. ಯಾರ ಮುಖ ಹಳದಿಯಾಗುತ್ತಿದೆ ಅಂತ ನನಗೂ ತಿಳಿಸಿ.