ದಫ್ತರದಲ್ಲಿ ಹುಟ್ಟಿದ ಅಡ್ಡಹೆಸರುಗಳು

ಫಿಲಿಪ್ಪೀನ್ಸ್‌ನ ಆಲ್ಬೇ ಪ್ರಾಂತ್ಯದಲ್ಲಿ ಓಆಸ್ ಎಂಬ ಊರಿದೆ. ಅಲ್ಲಿನ ಹಳೆಯ ಮನೆತನಗಳ ಅಡ್ಡಹೆಸರು ಕೇಳುತ್ತ ಹೋದರೆ ಬಹುಪಾಲು ‘ಆರ್’ ಅಕ್ಷರದಿಂದಲೇ ಶುರುವಾಗುತ್ತವೆ. ಒಂದೇ ಬಳ್ಳಿಯ ಜನ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಅವರನ್ನು ಒಂದೇ ಅಕ್ಷರಕ್ಕೆ ಕಟ್ಟಿಹಾಕಿದ್ದು ಅಕಾರಾದಿಯಾಗಿ ಜೋಡಿಸಿದ್ದ ಒಂದು ಪುಸ್ತಕ. ಅದರ ಹಾಳೆಗಳನ್ನು ಹಂಚಿದಾಗ ಆ ಊರಿನ ಪಾಲಿಗೆ ಬಂದದ್ದು ‘ಆರ್’.

ಪುಸ್ತಕ ಹೊರಡಿಸಿದವನು ಸ್ಪೇನಿನ ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ. ಅದರಿಂದ ಅಡ್ಡಹೆಸರು ಹಂಚಬೇಕೆಂಬ ಆಜ್ಞೆಯ ತಾರೀಖು 1849ರ ನವೆಂಬರ್ 21. ಕ್ರೈಸ್ತರಾದ ಸ್ಥಳೀಯರು ತಮಗೆ ಇಷ್ಟಬಂದ ಸಂತರ ಹೆಸರನ್ನೋ, ‘ದೆ ಲಾ ಕ್ರೂಸ್’, ‘ದೆ ಲೋಸ್ ಸಾಂತೋಸ್’ ಮುಂತಾದವನ್ನೋ ಇಟ್ಟುಕೊಳ್ಳುತ್ತಿದ್ದರು. ಅಪ್ಪನದೊಂದು, ಮಗನದೊಂದು, ಅಣ್ಣನದು ಇನ್ನೊಂದು. ಊರಿನವರಿಗೆ ಇದರಿಂದ ಯಾವ ತೊಂದರೆಯೂ ಇರಲಿಲ್ಲ. ಯಾರ ಮಗ ಯಾರು ಎಂದು ಅವರಿಗೆ ಗೊತ್ತಿತ್ತು. ತೊಂದರೆ ಆದದ್ದು ಕಂದಾಯ ವಸೂಲಿ ಮಾಡುವವನಿಗೆ, ನ್ಯಾಯಾಲಯಕ್ಕೆ, ಮದುವೆಗೆ ಮುನ್ನ ರಕ್ತಸಂಬಂಧ ಪರಿಶೀಲಿಸಬೇಕಾಗಿದ್ದ ಪಾದ್ರಿಗೆ. ಕ್ಲಾವೆರಿಯಾ ಅಂಕೆಸಂಖ್ಯೆಗಳನ್ನು ಸರಿಪಡಿಸುವ ಹಟದ ಮನುಷ್ಯ. ಐದು ವರ್ಷ ಮೊದಲು ಅವನೇ ಫಿಲಿಪ್ಪೀನ್ಸ್‌ನ ಪಂಚಾಂಗವನ್ನು ಏಷ್ಯಾದ ಮಿಕ್ಕ ಭಾಗಕ್ಕೆ ಹೊಂದಿಸಲು 1844ರ ಡಿಸೆಂಬರ್ 31ನ್ನೇ ರದ್ದುಮಾಡಿದ್ದ. ಡಿಸೆಂಬರ್ 30ರ ಸೋಮವಾರ ಮಲಗಿದ ಜನ ಎದ್ದದ್ದು ಹೊಸ ವರ್ಷದ ಬುಧವಾರಕ್ಕೆ. ಅಂಥವನಿಗೆ ಹೆಸರುಗಳೇನು ಮಹಾ!

ಪಟ್ಟಿಯಲ್ಲಿ ಸುಮಾರು 60,000 ಹೆಸರುಗಳಿದ್ದವು. ಸ್ಪೇನಿನ ಅಡ್ಡಹೆಸರುಗಳ ಜೊತೆಗೆ ಸ್ಥಳೀಯ ಭಾಷೆಗಳ ಗಿಡಮರ, ಪ್ರಾಣಿ, ಖನಿಜ, ಊರುಕೇರಿಗಳ ಪದಗಳೂ ಅದರಲ್ಲಿ ಸೇರಿದ್ದವು. ಪ್ರಾಂತ್ಯಗಳಿಗೆ ಪುಟಗಳು ಹೋದವು, ಪ್ರಾಂತ್ಯದಿಂದ ಊರುಗಳಿಗೆ ಹಾಳೆಗಳು ಹಂಚಿಕೆಯಾದವು. ಊರಿನಲ್ಲಿ ಒಂದೊಂದು ಗುಂಪಿನ ಮುಖಂಡ ತನ್ನ ಜನರನ್ನು ಕರೆಸಿ, ಮನೆಯ ಹಿರಿಯನಿಂದ ಒಂದು ಹೆಸರು ಆಯ್ಕೆ ಮಾಡಿಸಬೇಕು. ಇಲ್ಲವೇ ತಾನೇ ಒಂದು ಅಂಟಿಸಬೇಕು. ನಾಲ್ಕು ತಲೆಮಾರಿನಿಂದ ಒಂದೇ ಅಡ್ಡಹೆಸರು ಉಳಿಸಿಕೊಂಡು ಬಂದವರಿಗೆ ಮಾತ್ರ ವಿನಾಯಿತಿ. ಆಜ್ಞೆಯ ಬಿಗಿ ಶಾಲೆಯವರೆಗೂ ಮುಟ್ಟಿತ್ತು: ಮೇಷ್ಟರು ಮಕ್ಕಳ ಹೆಸರಿನ ಪುಸ್ತಕ ಇಡಬೇಕು, ಹುಡುಗರು ಒಬ್ಬರನ್ನೊಬ್ಬರು ಹೊಸ ಅಡ್ಡಹೆಸರಿನಿಂದಲೇ ಕರೆಯುವಂತೆ ನೋಡಿಕೊಳ್ಳಬೇಕು. ಹೆತ್ತವರ ನಾಲಿಗೆಗೆ ಹತ್ತದ್ದನ್ನು ಮಕ್ಕಳ ನಾಲಿಗೆಗೆ ಹತ್ತಿಸುವ ಈ ಉಪಾಯ ಕ್ಲಾವೆರಿಯಾನ ಜಾಣತನಕ್ಕೆ ಸಾಕ್ಷಿ.

ಮರ್ಕಾದೊ ಎಂಬ ಕುಟುಂಬ ಆ ಕಾಲದಲ್ಲಿ ರಿಸಾಲ್ ಎಂಬ ಹೆಸರನ್ನೂ ಸೇರಿಸಿಕೊಂಡಿತು. ಮರ್ಕಾದೊ ಎಂದರೆ ಸಂತೆ, ಮಾರುಕಟ್ಟೆ. ರಿಸಾಲ್ ಎಂಬುದಕ್ಕೆ ಕೊಯ್ದ ಮೇಲೆ ಮತ್ತೆ ಚಿಗುರುವ ಹೊಲ ಎಂಬ ಅರ್ಥ. 1872ರಲ್ಲಿ ಮೂವರು ಪಾದ್ರಿಗಳನ್ನು ಸ್ಪೇನ್ ಸರ್ಕಾರ ಕೊಂದಾಗ ಅವರಲ್ಲೊಬ್ಬರ ಒಡನಾಟವಿದ್ದ ಪಾಸಿಯಾನೊ ಮರ್ಕಾದೊನ ಮೇಲೆ ಅನುಮಾನದ ಕಣ್ಣು ಬಿತ್ತು. ಮನಿಲಾದಲ್ಲಿ ಓದಲು ಹೊರಟ ತಮ್ಮ ಹೊಸೆಗೆ ಮರ್ಕಾದೊ ಬೇಡ, ರಿಸಾಲ್ ಎಂದೇ ಬರೆಸು ಎಂದ. ಗುರುತು ಹಚ್ಚಲು ತಂದ ಪದ್ಧತಿಯ ಹೆಸರು ಗುರುತು ಮರೆಸಲು ಒದಗಿಬಂತು. ಆ ಹುಡುಗನೇ ಮುಂದೆ ಫಿಲಿಪ್ಪೀನ್ಸ್‌ನ ರಾಷ್ಟ್ರವೀರ ಹೊಸೆ ರಿಸಾಲ್.

ಇಂಥ ಆಜ್ಞೆಗಳು ಬೇರೆಡೆಯೂ ಬಂದವು. ಆಸ್ಟ್ರಿಯಾದ ಎರಡನೆಯ ಜೋಸೆಫ್ ಚಕ್ರವರ್ತಿ 1787ರಲ್ಲಿ ತನ್ನ ರಾಜ್ಯದ ಯಹೂದಿಗಳಿಗೆ ಜರ್ಮನ್ ಅಡ್ಡಹೆಸರು ಕಡ್ಡಾಯ ಮಾಡಿದ. ಜಪಾನಿನಲ್ಲಿ 1870ರಲ್ಲಿ ಸಾಮಾನ್ಯರಿಗೆ ಅಡ್ಡಹೆಸರಿನ ಅನುಮತಿ ಸಿಕ್ಕಿತಾದರೂ ಜನ ಮುಗಿಬೀಳಲಿಲ್ಲ. 1873ರಲ್ಲಿ ಸೈನ್ಯಕ್ಕೆ ಕಡ್ಡಾಯ ಭರ್ತಿ ಶುರುವಾಗಿ, ಎರಡು ವರ್ಷಗಳಲ್ಲಿ ಅನುಮತಿ ಹೋಗಿ ಅಪ್ಪಣೆಯೇ ಆಯಿತು. ತನಾಕಾ ಎಂದರೆ ಗದ್ದೆಯ ನಡುವೆ, ಯಾಮಾಮೊತೊ ಎಂದರೆ ಬೆಟ್ಟದ ಬುಡ. ಇವನ್ನೆಲ್ಲ ಒಂದೇ ರಾತ್ರಿ ಕಟ್ಟಿದ್ದೆಂದು ತಿಳಿಯಬಾರದು. ದಾಖಲೆಗೆ ಬಾರದ ಅಡ್ಡಹೆಸರುಗಳು ಹಳ್ಳಿಗರಲ್ಲಿ ಮೊದಲೇ ಇದ್ದವು.

ಹೆಸರಿನ ಚರಿತ್ರೆ ಬರೆಯುವವರು ಜಾಗ್ರತೆಯಿಂದಿರಬೇಕಾದದ್ದು ರುಚಿಯಾದ ಕಥೆಗಳ ವಿಷಯದಲ್ಲಿ. ನೆಪೋಲಿಯನ್ 1811ರಲ್ಲಿ ಡಚ್ಚರಿಗೆ ಅಡ್ಡಹೆಸರು ನೋಂದಾಯಿಸಲು ಹೇಳಿದಾಗ ಜನ ತಮಾಷೆಗೆ ‘ನಾಕ್ತ್‌ಗೆಬೋರೆನ್’, ಅಂದರೆ ‘ಬೆತ್ತಲೆ ಹುಟ್ಟಿದವ’, ಎಂದು ಬರೆಸಿ ಫ್ರೆಂಚರನ್ನು ಆಡಿಕೊಂಡರಂತೆ. ಕೇಳಲು ಚೆನ್ನ. ಆದರೆ ಆ ಹೆಸರು 1811ಕ್ಕಿಂತ ಹಳೆಯದು. ತಂದೆ ತೀರಿಕೊಂಡ ಮೇಲೆ ಹುಟ್ಟಿದವನು ಎಂಬ ಜರ್ಮನ್ ಪದದ ಅಪಭ್ರಂಶ ಎನ್ನುವ ವಿವರಣೆಯೇ ಹೆಚ್ಚು ನಂಬುವಂಥದ್ದು. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಗುಮಾಸ್ತರು ವಲಸಿಗರ ಹೆಸರು ಕತ್ತರಿಸಿದರೆಂಬ ಕಥೆಯೂ ಇದೇ ಜಾತಿಯದು. ಅಲ್ಲಿನವರು ಹಡಗು ಹೊರಟ ಬಂದರಿನಲ್ಲೇ ತಯಾರಾದ ಪಟ್ಟಿಯನ್ನು ಹಿಡಿದು ತಾಳೆ ನೋಡುತ್ತಿದ್ದರು. ಹೆಸರು ಬದಲಿಸಿಕೊಂಡವರು ಬಹುಪಾಲು ತಾವೇ, ಆಮೇಲೆ, ತಮ್ಮ ಅನುಕೂಲಕ್ಕೆ ಬದಲಿಸಿಕೊಂಡರು.

ಹೆಸರನ್ನೇ ರಾಷ್ಟ್ರ ಕಟ್ಟುವ ಹತಾರ ಮಾಡಿಕೊಂಡದ್ದು ಟರ್ಕಿ. ಅಲ್ಲಿ 1934ರವರೆಗೆ ಅಪ್ಪನ ಹೆಸರು, ಊರು, ಕಸುಬು, ಕುಂಟ ಕುರುಡ ಎಂಬ ಬಿರುದು, ಪಾಷಾ ಎಫೆಂದಿಗಳೇ ಗುರುತಿಗೆ ಸಾಕಾಗಿದ್ದವು. ಆ ವರ್ಷದ ಜೂನ್ 21ರಂದು ಅಂಗೀಕಾರವಾದ 2525ನೇ ಕಾಯಿದೆ ಪ್ರತಿಯೊಬ್ಬರಿಗೂ ಅಡ್ಡಹೆಸರು ಕಡ್ಡಾಯ ಮಾಡಿತು. ಆರಿಸುವ ಹಕ್ಕು ಮನೆಯ ಯಜಮಾನ ಗಂಡಸಿಗೆ. ಪದವಿ, ಬುಡಕಟ್ಟು, ಪರದೇಶಿ ಜನಾಂಗ ಸೂಚಿಸುವ ಹೆಸರು ಕೂಡದು. ಆಮೇಲೆ ಬಂದ ನಿಯಮಾವಳಿ ಇನ್ನೂ ಬಿಚ್ಚಿ ಹೇಳಿತು: ‘ಯಾನ್’, ‘ಪುಲೋಸ್’, ‘ವಿಚ್’, ‘ಜಾದೆ’ ಮುಂತಾದ ಬಾಲಗಳು ಬೇಡ. ಅರ್ಮೇನಿಯನ್ನರು, ಗ್ರೀಕರು, ಸ್ಲಾವ್ ಮೂಲದವರಿಗೆಲ್ಲ ಒಂದೇ ಸಾಲಿನಲ್ಲಿ ಉತ್ತರ ಸಿಕ್ಕಿತು. ಯಿಲ್ಮಾಜ್ (ಎದೆಗುಂದದವ), ದೆಮಿರ್ (ಕಬ್ಬಿಣ), ಕಾಯಾ (ಬಂಡೆ), ಓಜ್‌ತುರ್ಕ್ (ಅಪ್ಪಟ ತುರ್ಕ) ಇವತ್ತಿಗೂ ಅಲ್ಲಿ ಬೀದಿಬೀದಿಯಲ್ಲಿ ಸಿಗುವ ಹೆಸರುಗಳು. ಇಷ್ಟೊಂದು ಕಬ್ಬಿಣ, ಬಂಡೆ ಒಂದು ದೇಶದ ಹೆಸರುಗಳಲ್ಲಿ ತುಂಬಿದ್ದರೆ, ಅದು ಕುಟುಂಬಗಳ ನೆನಪಿಗಿಂತ ಆ ದಶಕದ ರಾಜಕೀಯದ ಮಾತು ಎನ್ನಬೇಕು.

ಅಧ್ಯಕ್ಷ ಮುಸ್ತಫಾ ಕೆಮಾಲನಿಗೆ ಸಂಸತ್ತು ಅದೇ ವರ್ಷದ ನವೆಂಬರ್ 24ರಂದು ‘ಅತಾತುರ್ಕ್’ ಎಂಬ ಹೆಸರು ಕೊಟ್ಟಿತು. ಬೇರೆ ಯಾರೂ ಅದನ್ನು ಇಟ್ಟುಕೊಳ್ಳುವಂತಿಲ್ಲ. ಒಡಹುಟ್ಟಿದ ತಂಗಿ ಮಕ್ಬುಲೆ ಕೂಡ ‘ಅತಾದಾನ್’ ಆದಳು. ಹೆಸರು ಹಂಚುವುದರಲ್ಲಿ ಅವನದು ಧಾರಾಳ ಕೈ. ಅಗೋಪ್ ಮಾರ್ತಾಯಾನ್ ಎಂಬ ಅರ್ಮೇನಿಯನ್ ಭಾಷಾಶಾಸ್ತ್ರಜ್ಞನಿಗೆ ‘ದಿಲಾಚಾರ್’ ಎಂದು ಕೊಟ್ಟ: ಭಾಷೆಯನ್ನು ತೆರೆಯುವವನು. ‘ಯಾನ್’ ಎಂಬ ಬಾಲ ಹೀಗೆ ಗೌರವದೊಂದಿಗೇ ಹೋಯಿತು. ಸಾಕುಮಗಳು ಸಬಿಹಾಗೆ ‘ಗೊಕ್ಚೆನ್’ ಎಂದಿಟ್ಟ, ಅದರಲ್ಲಿ ‘ಗೊಕ್’ ಎಂದರೆ ಆಕಾಶ. ಅವಳು ವಿಮಾನ ಹಾರಿಸಲು ಕಲಿಯತೊಡಗಿದ್ದು ಮರುವರ್ಷ, 1935ರಲ್ಲಿ! ಯುದ್ಧವಿಮಾನ ನಡೆಸಿದ ಮೊದಲ ಹೆಂಗಸರಲ್ಲಿ ಒಬ್ಬಳಾದ ಅವಳ ಹೆಸರು ಈಗ ಇಸ್ತಾಂಬುಲ್‌ನ ಒಂದು ವಿಮಾನ ನಿಲ್ದಾಣಕ್ಕಿದೆ.

ಥಾಯ್ಲೆಂಡಿನ ಆರನೆಯ ರಾಮ, ವಜಿರಾವುಧ ಅರಸ, 1913ರಲ್ಲಿ ಅಡ್ಡಹೆಸರಿನ ಕಾಯಿದೆ ತಂದು ಸುಮ್ಮನಾಗಲಿಲ್ಲ. ಆರು ಸಾವಿರಕ್ಕೂ ಹೆಚ್ಚು ಮನೆತನಗಳಿಗೆ ತಾನೇ ಸಂಸ್ಕೃತ, ಪಾಳಿಗಳಿಂದ ಪದ ಹೆಕ್ಕಿ ಹೆಸರು ಕಟ್ಟಿಕೊಟ್ಟ. ಮೊದಲನೆಯದು ‘ಸುಖುಮ್’, ಪಾಳಿಯಲ್ಲಿ ಸೂಕ್ಷ್ಮ ಎಂಬುದರ ರೂಪ. ಬ್ಯಾಂಕಾಕಿಗೆ ಹೋದ ಕನ್ನಡಿಗರು ಓಡಾಡುವ ಸುಖುಮ್‌ವಿತ್ ರಸ್ತೆಗೆ ಅದೇ ಮನೆತನದ ಹೆದ್ದಾರಿ ಅಧಿಕಾರಿಯ ಹೆಸರು. ಇಷ್ಟಾದರೂ ಥಾಯ್ ಜನ ಪ್ರಧಾನಿಯನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಅಡ್ಡಹೆಸರು ಅಲ್ಲಿ ಕಾಗದಪತ್ರಕ್ಕೇ ಮೀಸಲು.

ಮಂಗೋಲಿಯಾದಲ್ಲಿ ನಡೆದದ್ದು ಉಲ್ಟಾ. ಕಮ್ಯುನಿಸ್ಟರು 1920ರ ದಶಕದಲ್ಲಿ ಕುಲನಾಮಗಳನ್ನು ಕಿತ್ತುಹಾಕಿದರು. 1990ರ ದಶಕದಲ್ಲಿ ಹೊಸ ಸರ್ಕಾರ ಅವನ್ನು ಮತ್ತೆ ಹುಡುಕಿಕೊಳ್ಳಿ ಎಂದಿತು. ಅಷ್ಟರಲ್ಲಿ ಎಷ್ಟೋ ಮನೆಗಳಿಗೆ ತಮ್ಮದೇನೆಂದು ಮರೆತೇ ಹೋಗಿತ್ತು. ದೊಡ್ಡದೇ ಇರಲಿ ಎಂದು ಅಸಂಖ್ಯ ಜನ ಚೆಂಗಿಸ್ ಖಾನನ ಕುಲವಾದ ಬೋರ್ಜಿಗಿನ್ ಬರೆಸಿಕೊಂಡರು. 1981ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಮಂಗೋಲಿಯನ್ ಗುರ್ರಾಗ್‌ಚಾ ಆರಿಸಿಕೊಂಡದ್ದು ‘ಸನ್ಸಾರ್’, ಅವರ ಭಾಷೆಯಲ್ಲಿ ಬಾಹ್ಯಾಕಾಶ. ಬೌದ್ಧಧರ್ಮದ ಜೊತೆ ಅಷ್ಟು ದೂರ ನಡೆದುಹೋದ ಸಂಸ್ಕೃತದ ‘ಸಂಸಾರ’ವೇ ಅದು. ಕನ್ನಡದಲ್ಲಿ ಅದು ಹೆಂಡತಿ ಮಕ್ಕಳ ಮಟ್ಟಕ್ಕೆ ಇಳಿದು ಮನೆಯೊಳಗೆ ಕೂತಿದೆ. ಮಂಗೋಲರಲ್ಲಿ ನಕ್ಷತ್ರಗಳ ನಡುವೆ ಇದೆ.

ಅಡ್ಡಹೆಸರೇ ಬೇಡವೆಂದವರೂ ಇದ್ದಾರೆ. ಐಸ್‌ಲೆಂಡ್ 1925ರಲ್ಲಿ ಹೊಸ ಮನೆತನದ ಹೆಸರುಗಳನ್ನು ನಿಷೇಧಿಸಿತು. 1980ರಲ್ಲಿ ಅಲ್ಲಿ ಅಧ್ಯಕ್ಷೆಯಾದ ವಿಗ್ದಿಸ್ ಫಿನ್ನ್‌ಬೋಗಾದೋತ್ತಿರ್ ಎಂದರೆ ಫಿನ್ನ್‌ಬೋಗಿಯ ಮಗಳು ವಿಗ್ದಿಸ್. ಹಳೆ ಮೈಸೂರಿನವರಿಗೆ ಇದು ಅಪರಿಚಿತವೆನಿಸದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಾನು. ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಲ್ಲಿ ಮೊದಲು ತಾನು, ಆಮೇಲೆ ತಂದೆ, ಕೊನೆಗೆ ಮನೆತನ, ಮರಾಠಿ ಸೀಮೆಯ ಕ್ರಮದಲ್ಲಿ. ಕೊಡಗಿನ ಕೋದಂಡೇರ ಮಾದಪ್ಪ ಕಾರ್ಯಪ್ಪನವರಲ್ಲಿ ಒಕ್ಕದ ಹೆಸರೇ ಮುಂದೆ ನಿಲ್ಲುತ್ತದೆ. ಒಂದೇ ರಾಜ್ಯದಲ್ಲಿ ಮೂರು ವ್ಯಾಕರಣ! ಉತ್ತರ ಕರ್ನಾಟಕದ ಬಡಿಗೇರ, ಪತ್ತಾರ, ಹೂಗಾರರು ಕಸುಬು ಹೇಳಿದರೆ ಮನಸೂರ, ಹಾನಗಲ್ಲರು ಊರು ಹೇಳುತ್ತಾರೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಅವರನ್ನು ಕೇಳಿದರೆ ಸಂತೆಯೇ ಕಣ್ಣಮುಂದೆ ಬರುತ್ತದೆ. ಇವನ್ನು ಯಾವ ಕ್ಲಾವೆರಿಯಾನೂ ಹಂಚಲಿಲ್ಲ. ನೆರೆಹೊರೆಯವರು ಕರೆದದ್ದೇ ನಿಂತಿತು.

ಈ ವೈವಿಧ್ಯಕ್ಕೆ ಎದುರಾಗಿರುವ ಈಗಿನ ಕ್ಲಾವೆರಿಯಾ ಎಂದರೆ ಎರಡು ಖಾನೆಗಳ ಅರ್ಜಿ. ಪಾಸ್‌ಪೋರ್ಟಿನಲ್ಲಿ ಹೆಸರೆಲ್ಲ ಒಂದೇ ಖಾನೆಗೆ ಬಿದ್ದ ದಕ್ಷಿಣ ಕರ್ನಾಟಕದವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಸಂಕ್ಷೇಪ ಅದು. ಬ್ಯಾಂಕಿನ ಖಾತೆಯಿಂದ ಚಾಲನಾ ಪರವಾನಗಿಯವರೆಗೆ ಅದೇ ಹಿಂಬಾಲಿಸಿ, ‘ಮಿಸ್ಟರ್ ಎಫ್‌ಎನ್‌ಯು’ ಎಂದು ಕರೆಸಿಕೊಂಡವರು ಬೆಂಗಳೂರಿನ ಕಂಪನಿಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಪದದ ಹೆಸರಿನ ಪಾಸ್‌ಪೋರ್ಟ್ ಹಿಡಿದವರನ್ನು ಭೇಟಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂಬ ಸ್ಪಷ್ಟನೆ ಆಮೇಲೆ ಬಂತು.